ತಿಲಕನಿಗೆ ಕಲ್ಲಂತೆ

ಸ್ನಾನ ಮಾಡುವಾಗ, ಇರಬೇಕಾದುದಕ್ಕಿಂತ ಒಂದು ಹೆಚ್ಚಿಗೆ ಇರುವಂತೆ ತಿಲಕನ ಕೈಗೆ ತಾಗಿದ್ದೇ ಎಲ್ಲ ರಗಳೆಗೂ ಮೂಲ. ಮತ್ತೊಮ್ಮೆ ಮುಟ್ಟಿ ನೋಡಿದ. ಹೌದು, ಮೂರು ವೃಷಣ!

ಹೇಳುವುದು ಯಾರಿಗೆ? ಕಾಪುವಿನ ಅಂಡರ್‌ಆರ್ಮ್ ಕ್ರಿಕೆಟ್ ತಂಡಕ್ಕೆ ಅವನು ಕ್ಯಾಪ್ಟನ್. ಎಂದೋ ಪಿಚ್ಚಿನ ನಡುವೆ ರನೌಟಾದ ಗಣಪನನ್ನು ಇಂದಿಗೂ ‘ಅರ್ಧದಾರಿ’ ಎಂದೇ ಕರೆಯುವ ಹುಡುಗರು ಅವರು. ಇದು ಗೊತ್ತಾದರೆ ಅವರಿಡುವ ಹೆಸರು ಮದುವೆ ಕಾಗದದ ಮೇಲೂ ಬಂದೀತು.

ಸಂಜೆಯ ಪ್ರಾಕ್ಟೀಸಿಗೆಂದು ಜೆರ್ಸಿಯನ್ನು ಚೀಲಕ್ಕೆ ತುರುಕಿ ಮಣಿಪಾಲದ ಬಸ್ಸಿಗೆ ನಿಂತರೆ, ಪಕ್ಕದ ಮನೆಯ ಸರಸಕ್ಕ ಮೀನಿನ ಬುಟ್ಟಿಗೆ ಕಾಗೆ ಎರಗಿದಂತೆ ಬಂದರು.

“ಎಲ್ಲಿಗೆ ತಿಲಕ? ಮುಖ ಒಣ ಬೂತಾಯಿ ಮೀನಿನ ಹಾಗೆ ಆಗಿದೆ!”

“ಆಸ್ಪತ್ರೆಗೆ ಅಕ್ಕ. ಸ್ಕ್ಯಾನಿಂಗ್ ಉಂಟು.”

“ಎಂತದಕ್ಕೆ?”

“ಕಿ... ಕಿಡ್ನಿಯಲ್ಲಿ ಕಲ್ಲು.”

“ಅಯ್ಯೋ! ನಮ್ಮ ಹರ್ಷಿಣಿ ಅಲ್ಲೇ ಡಾಕ್ಟ್ರಿಗೆ ಓದುವುದಲ್ವಾ? ಈಗಲೇ ಫೋನ್ ಮಾಡ್ತೇನೆ.”

“ಬೇಡ ಅಕ್ಕ! ಸಣ್ಣ ಕಲ್ಲು!” ಎನ್ನುತ್ತ ಹೊರಟ ಬಸ್ಸಿಗೆ ಹಾರಿದ.

ತಣ್ಣನೆಯ ಜೆಲ್ ಸವರಿ ಪರದೆ ನೋಡಿದ ಡಾಕ್ಟರರ ಮುಖ, ಗಾಳಕ್ಕೆ ಅಂಜಲ್ ಮೀನು ಬಿದ್ದಂತೆ ಅರಳಿತು. “ಮೂರು! ಹುಟ್ಟುವಾಗಲೇ ಬಂದದ್ದು, ತುಂಬಾ ಅಪರೂಪ. ಹೆದರಬೇಡಿ, ಆಗಾಗ ತೋರಿಸಿಕೊಂಡರೆ ಸಾಕು. ನಮ್ಮ ವಿದ್ಯಾರ್ಥಿಗಳು ಒಮ್ಮೆ ನೋಡಬಹುದಾ?”

ಡಾಕ್ಟರಿಗೆ ‘ಆಗುವುದಿಲ್ಲ’ ಎನ್ನುವ ಅಭ್ಯಾಸ ತಿಲಕನ ಕುಟುಂಬದಲ್ಲೇ ಇರಲಿಲ್ಲ. ಆದರೆ ಸರಸಕ್ಕನ ಮಗಳು ಹರ್ಷಿಣಿ ನೆನಪಾದಳು.

“ಮುಖ ಮುಚ್ಚಿಕೊಳ್ಳಬಹುದಾ ಸರ್?”

“ಧಾರಾಳವಾಗಿ.”

ಚೀಲದಿಂದ ಜೆರ್ಸಿ ಎಳೆದು ಮುಖದ ಮೇಲೆ ಹರಡಿಕೊಂಡ. ಚಪ್ಪಲಿಗಳ ಸದ್ದು ಬಂತು, ಪಿಸುಮಾತು ಬಂತು, ಒಂದೆರಡು “ವಾವ್” ಕೂಡ. ಜೆರ್ಸಿಯ ಕೆಳಗೆ ತಿಲಕ್ ನಿಶ್ಚಿಂತೆಯಿಂದಿದ್ದ. ಎಲ್ಲರೂ ಹೋದರೂ ಒಂದು ಜೋಡಿ ಚಪ್ಪಲಿ ಮಾತ್ರ ಅಲುಗಲಿಲ್ಲ.

“ತಿಲಕಣ್ಣ,” ಹರ್ಷಿಣಿಯ ಮೆಲುದನಿ. “ಜೆರ್ಸಿಯ ಬೆನ್ನು ಮೇಲಾಗಿದೆ. ‘ಕ್ಯಾಪ್ಟನ್ ತಿಲಕ್, ಕಾಪು’ ಅಂತ ಇಷ್ಟು ದೊಡ್ಡಕ್ಕೆ ಉಂಟು.”

“ದಮ್ಮಯ್ಯ ಹರ್ಷಿಣಿ, ನಿನ್ನ ಅಮ್ಮನಿಗೆ...”

“ಛೆ! ರೋಗಿಗಳ ವಿಷಯ ನಾವು ಹೊರಗೆ ಹೇಳುವುದಿಲ್ಲ. ನೀವು ಅಮ್ಮನಿಗೆ ಎಂತ ಹೇಳಿದ್ದೀರಿ?”

“ಕಲ್ಲು.”

“ಆಯ್ತು. ಕಲ್ಲೇ.”

ಆಸ್ಪತ್ರೆಯಿಂದ ಕಾಪುವಿನವರೆಗೂ ತಿಲಕ್ ಆ ಹುಡುಗಿಯನ್ನು ಮನಸ್ಸಿನಲ್ಲೇ ಹರಸುತ್ತ ಬಂದ. ಮನೆಯ ಜಗಲಿಯಲ್ಲಿ ಇಡೀ ತಂಡ ಸೇರಿತ್ತು. ನಡುವೆ ಸರಸಕ್ಕ, ಮುಂದೆ ಬಾಳೆದಿಂಡಿನ ರಸ ತುಂಬಿದ ದೊಡ್ಡ ದೊಡ್ಡ ಲೋಟಗಳು.

“ಸಣ್ಣದು ಅಂತ ಸುಳ್ಳು ಹೇಳುವುದಾ?” ಸರಸಕ್ಕ ಗದರಿದರು. “ಹರ್ಷಿಣಿಯನ್ನು ಕೇಳಿದೆ. ಕಲ್ಲು ಹೌದಂತೆ. ಒಂದಲ್ಲ, ಮೂರಂತೆ! ದಿನಾ ಮೂರು ಲೋಟ ಕುಡಿಸಬೇಕಂತೆ!”

ಇಷ್ಟು ವರ್ಷ ಈ ಗಳಿಗೆಗೇ ಕಾದಿದ್ದ ಅರ್ಧದಾರಿ ಗಣಪ, ಮೊದಲ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದ.

“ಕುಡಿ ಮಾರಾಯ, ಮೂರುಕಲ್ಲು ಕ್ಯಾಪ್ಟನ್!”

ತಂಡ ಚಪ್ಪಾಳೆ ತಟ್ಟಿತು. ಅಲ್ಲ ಎನ್ನಲು ಬಾಯಿ ತೆರೆದ ತಿಲಕ್, ತೆರೆದ ಬಾಯಿಗೆ ರಸ ಸುರಿದುಕೊಂಡ.