ಮಾತ್ರೆ ಒಗ್ಗಿದವರು ಲಾವೋಸಿಗೆ

ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ನಾನು ಇದುವರೆಗೆ ಮಾರಿದ ಅಷ್ಟೂ ರೇಷ್ಮೆಗೂಡಿನ ಮೇಲಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಮ್ಮಣ್ಣನ ಮಕ್ಕಳು, ಚಿಕ್ಕಪ್ಪ ಹೇಳಿದ್ದರಲ್ಲಿ ಅರ್ಧ ಕಳೆದು ಕೇಳಬೇಕು ಅನ್ನುತ್ತಾರೆ. ಕಳೆಯಲಿ. ಉಳಿದರ್ಧವೇ ಅವರ ಜೀವಮಾನಕ್ಕಿಂತ ದೊಡ್ಡದು. ಬೇರೆಯವರಿಗೆ ಹತ್ತು ವರ್ಷಕ್ಕೊಮ್ಮೆ ಆಗುವಂಥದ್ದು ನನಗೆ ವಾರಕ್ಕೊಂದು ಆಗುತ್ತಿರುತ್ತದೆ. ಸೊಳ್ಳೆ ಮತ್ತು ಮಾತ್ರೆಯ ವಿಷಯದಲ್ಲಂತೂ ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ನನ್ನಷ್ಟು ಅನುಭವಸ್ಥ ಇನ್ನೊಬ್ಬನಿಲ್ಲ.

ಪರದೆ ಯಾರಿಗೆ

ಮೇಲೂರಿನ ನಮ್ಮ ಹುಳುಮನೆಯ ಕಿಟಕಿ ಬಾಗಿಲಿಗೆಲ್ಲ ಪರದೆ ಇದೆ. ಊಜಿ ನೊಣ ಒಳಗೆ ಹೋಗಿ ರೇಷ್ಮೆಹುಳುವಿನ ಮೇಲೆ ಮೊಟ್ಟೆ ಇಡಬಾರದಲ್ಲ, ಅದಕ್ಕೆ. ನಾವು ಮಲಗುವ ಮನೆಗೆ ಪರದೆ ಇಲ್ಲ. ಸೊಳ್ಳೆಬತ್ತಿಯನ್ನೂ ಹಚ್ಚುವ ಹಾಗಿಲ್ಲ. ಅದರ ಹೊಗೆ ತಾಗಿದರೆ ಹುಳು ಹಸಿರು ಕಕ್ಕಿಕೊಂಡು ಸಾಯುತ್ತವೆ. ಈ ಕಾನೂನು ಮಾಡಿದವನು ನಾನು. ಮೂವತ್ತು ವರ್ಷ ಮನೆಯಲ್ಲಿ ಒಂದೇ ಒಂದು ಬತ್ತಿ ಹಚ್ಚಲು ಬಿಟ್ಟಿಲ್ಲ. ಹುಳು ಸಾಕುವವಳು ನನ್ನ ಹೆಂಡತಿ. ಕಾನೂನು ಮಾಡುವುದು, ಗೂಡು ಮಾರುವುದು, ಮಾರಿ ಬಂದು ಮಾತಾಡುವುದು ನನ್ನ ಇಲಾಖೆ.

ಒಂದು ವರ್ಷ ಅವಳಿಗೆ ಮಲೇರಿಯಾ ಬಂತು. ಮೂರು ಕಂಬಳಿ ಹೊದ್ದು ಗಡಗಡ ನಡುಗುತ್ತಾ ಮಲಗಿದ್ದಳು. ಆಗ ಹುಳುಗಳೂ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಅಲ್ಲಾಡದೆ ಕೂರುವುದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ಎದ್ದವಾ ಇಲ್ಲವಾ ಅಂತ ನಾನು ದಿನಕ್ಕೆ ನಾಲ್ಕು ಸಲ ಹುಳುಮನೆಗೆ ಹೋಗಿ ನೋಡಿ ಬರುತ್ತಿದ್ದೆ. ಎರಡನೇ ದಿನ ಅವಳು ಕಂಬಳಿ ಸರಿಸಿ ಕೇಳಿದಳು, "ರೀ, ಅಲ್ಲೇ ಒಂದು ಹುಳುತಟ್ಟೆಯಲ್ಲಿ ನನ್ನನ್ನೂ ಮಲಗಿಸ್ತೀರಾ? ನಾಲ್ಕು ಸಲ ನೋಡಿಕೊಂಡಾದ್ರೂ ಹೋಗ್ತೀರಿ."

ಒಂದೇ ಟಿಕೆಟ್ಟು

ಕೆಲವು ತಿಂಗಳ ಹಿಂದೆ ಬೆಂಗಳೂರಿನ ಒಂದು ಸಂಸ್ಥೆಯವರು ನಮ್ಮ ಹುಳುಮನೆ ನೋಡಲು ಬಂದರು. ಲಾವೋಸ್ ದೇಶದ ಕಾಡಂಚಿನ ಹಳ್ಳಿಯೊಂದರಲ್ಲಿ ಹೆಂಗಸರು ರೇಷ್ಮೆಹುಳು ಸಾಕುತ್ತಾರಂತೆ, ಬೆಳೆ ಕೈ ಹತ್ತುತ್ತಿಲ್ಲವಂತೆ. ನಿಮ್ಮ ಮನೆಯಿಂದ ಒಬ್ಬರು ಬಂದು ಮೂರು ವಾರ ಹೇಳಿಕೊಡಿ ಅಂದರು. ಟಿಕೆಟ್ಟು ಒಂದೇ.

ನನ್ನ ಹೆಂಡತಿ ಕಾಫಿ ಲೋಟ ಕೆಳಗಿಡುವ ಮೊದಲೇ "ನಾನು ಹೋಗ್ತೀನಿ" ಅಂದಳು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಬೆಂಗಳೂರಿನವರೆಲ್ಲ ಬಂದು ಹತ್ತುವ ಸ್ಕಂದಗಿರಿಯನ್ನೂ ಅವಳು ಬಸ್ಸಿನ ಕಿಟಕಿಯಿಂದಲೇ ನೋಡಿದ್ದು. ಹೊತ್ತು ಹೊತ್ತಿಗೆ ಹುಳುವಿಗೆ ಸೊಪ್ಪು ಹಾಕುವವರು ಬೇಕಲ್ಲ.

ಅಲ್ಲಿ ಮಲೇರಿಯಾ ಇದೆ, ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಮಾತ್ರೆ ಶುರು ಮಾಡಬೇಕು ಅಂತ ಸಂಸ್ಥೆಯವರು ಹೇಳಿದ್ದೇ ನನ್ನ ತಲೆ ಓಡಿತು. "ನಾನು ತಾನು ಅನ್ನೋದು ಬೇಡ ಕಣೇ. ಮಾತ್ರೆ ಯಾರಿಗೆ ಒಗ್ಗುತ್ತೋ ಅವರು ಹೋಗಲಿ," ಅಂದೆ. ಇಷ್ಟು ನ್ಯಾಯವಾದ ತೀರ್ಮಾನ ಯಾವ ಪಂಚಾಯ್ತಿ ಕಟ್ಟೆಯಲ್ಲೂ ಆಗಿರಲಾರದು. ಅವಳು ತಕ್ಷಣ ಒಪ್ಪಿದಳು. ಮೂವತ್ತು ವರ್ಷ ನನ್ನನ್ನೇ ಒಗ್ಗಿಸಿಕೊಂಡವಳಿಗೆ ಒಂದು ಮಾತ್ರೆ ಯಾವ ಲೆಕ್ಕ ಅಂದುಕೊಂಡಿರಬೇಕು.

ಸಲಹೆಗಾರರು

ಚಿಂತಾಮಣಿಯಿಂದ ಬಾಮೈದ ಬಂದ. "ಮಾತ್ರಲು ಎಂದುಕು ಬಾವಾ? ಮಾತ್ರೆ ಯಾಕೆ, ನಮ್ಮ ಅಮೃತಬಳ್ಳಿ ಕಷಾಯ ಇಲ್ವಾ?" ಅಂದವನೇ ಒಂದು ಚೊಂಬು ಕಾಯಿಸಿ ಕುಡಿದು, ಅಂಗಿ ಬಿಚ್ಚಿ ಸೊಳ್ಳೆಗೆ ಮೈಯೊಡ್ಡಿ ಸಂಜೆಯೆಲ್ಲ ಜಗಲಿ ಮೇಲೆ ಕೂತು ತೋರಿಸಿದ. ಮುಂದಿನ ವಾರ ಚಳಿಜ್ವರ ಬಂದು ಮಲಗಿದ. ನೋಡಲು ಹೋದರೆ, ಹಲ್ಲು ಕಟಕಟ ಅನ್ನಿಸುತ್ತಾ, "ಕಷಾಯಕ್ಕೆ ಮೆಣಸು ಕಡಿಮೆಯಾಯ್ತು ಬಾವಾ," ಅಂದ.

ಮದುವೆಗೆಂದು ಮಂಚೇನಹಳ್ಳಿಗೆ ಹೋದಾಗ ಅಲ್ಲಿನ ಮೆಡಿಕಲ್ ಶಾಪಿನವನನ್ನು ಕೇಳಿದೆ. ಅವನು ತಿಳಿದವನು. ಹಳೇ ಮಲೇರಿಯಾ ಮಾತ್ರೆ ಆ ಕಡೆಯ ಸೊಳ್ಳೆ ಜ್ವರಕ್ಕೆ ನಾಟುವುದಿಲ್ಲ, ವಾರಕ್ಕೊಂದು ನುಂಗುವುದು ಕೆಲವರಿಗೆ ಕೆಟ್ಟ ಕನಸು ತರಿಸುತ್ತದೆ, ದಿನಕ್ಕೊಂದು ನುಂಗುವುದರಲ್ಲಿ ಒಂದು ಬಿಸಿಲಿಗೆ ಚರ್ಮ ಸುಡಿಸುತ್ತದೆ, ಇನ್ನೊಂದನ್ನು ತಾನು ಪುಸ್ತಕದಲ್ಲಿ ಮಾತ್ರ ಕಂಡಿದ್ದೇನೆ ಅಂದ. ನೀನಾಗಿದ್ದರೆ ಯಾವುದು ನುಂಗುತ್ತಿದ್ದೆ ಅಂತ ಕೇಳಿದೆ. ಕೌಂಟರಿನ ಧೂಳು ಒರೆಸುತ್ತಾ ಹೇಳಿದ: "ನಾನಾಗಿದ್ರೆ ಹೋಗ್ತಿರಲಿಲ್ಲ ಸಾರ್."

ಡಾಕ್ಟರು ಹೇಳಿದ್ದು

ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಹೋಗಬೇಕಾದ ದಿನ ಹುಳುಗಳು ಗೂಡು ಕಟ್ಟುವ ಮುಂಚಿನ ಕೊನೇ ಮೇವಿನಲ್ಲಿದ್ದವು. ಅವಳು ಬಿಟ್ಟು ಬರುವ ಹಾಗಿರಲಿಲ್ಲ. ತನ್ನ ಹಳೇ ಆಸ್ಪತ್ರೆ ಚೀಟಿಗಳನ್ನೆಲ್ಲ ಒಂದು ಕವರಿಗೆ ಹಾಕಿದಳು. ಪಾಸ್‌ಪೋರ್ಟಿಗೆ ತೆಗೆಸಿದ್ದ ಫೋಟೋನೂ ಸೇರಿಸಿದಳು, ಡಾಕ್ಟರು ಮುಖ ನೋಡಬೇಕು ಅಂದರೆ ಇರಲಿ ಅಂತ. ಬಸ್ಸಿನಲ್ಲಿ ಉದುರೀತು ಅಂತ ಅನ್ನದ ಅಗುಳು ಹಚ್ಚಿ ಕವರು ಅಂಟಿಸಿ ಕೊಟ್ಟಳು.

ಸಂಜೆ ಬಂದು ಕವರು ವಾಪಸು ಕೊಟ್ಟು ಹೇಳಿದೆ: ವಾರದ ಮಾತ್ರೆ ನಿನ್ನ ಎದೆಬಡಿತಕ್ಕೆ ಆಗಲ್ಲವಂತೆ, ದಿನದ ಮಾತ್ರೆ ನಿನ್ನ ಹೊಟ್ಟೆಗೆ ಆಗಲ್ಲವಂತೆ, ಇನ್ನೊಂದು ಈ ಕಡೆ ಸಿಗುವುದೇ ಇಲ್ಲವಂತೆ. ನನಗೆ ದಿನದ್ದು ಬರೆದುಕೊಟ್ಟಿದ್ದಾರೆ.

ಅವಳು ಸೊಪ್ಪು ಹಾಕುವುದು ನಿಲ್ಲಿಸಲಿಲ್ಲ. "ಮುಖ ನೋಡಿದ್ರಾ?" ಅಂತ ಮಾತ್ರ ಕೇಳಿದಳು.

"ನೋಡಿದ್ರು. ಈ ಮುಖಕ್ಕೆ ಲಾವೋಸ್ ಬೇಡವೇ ಬೇಡ ಅಂದ್ರು," ಅಂದೆ. ಅವಳು ನಗಲಿಲ್ಲ. ಇಬ್ಬರ ಪಾಲಿನದೂ ನಾನೇ ನಕ್ಕೆ.

ಕೆಂಪು ದೀಪ

ಲಾವೋಸಿನಲ್ಲಿ ಮಾತ್ರೆ ತನ್ನ ಗುಣ ತೋರಿಸಿತು. ಬಿಸಿಲಿಗೆ ನನ್ನ ಮೂಗು ಸುಟ್ಟು, ಪದರ ಪದರವಾಗಿ ಸಿಪ್ಪೆ ಎದ್ದಿತು. ಹುಳು ಹೇಗೆ ಪೊರೆ ಬಿಡುತ್ತದೆ ಅಂತ ಆ ಹೆಂಗಸರಿಗೆ ನಾನು ಕೊಟ್ಟ ಮೊದಲ ಪಾಠ ಅದೇ. ಎರಡನೇ ಪಾಠ ನನ್ನ ಹತ್ತಿರ ಇರಲಿಲ್ಲ. ಸೊಪ್ಪು ಎಷ್ಟು ಹೊತ್ತಿಗೆ ಹಾಕಬೇಕು ಅಂದರೆ, ನಮ್ಮೂರ ಮಾರ್ಕೆಟ್ಟಿನ ಕಥೆ ಹೇಳುತ್ತಿದ್ದೆ.

ನಾಲ್ಕನೇ ದಿನ ಅವರ ಹುಳುಗಳು ಹಸಿರು ಕಕ್ಕಿಕೊಂಡವು. ಹೆಂಗಸರೆಲ್ಲ ತಟ್ಟೆ ಸುತ್ತ ನಿಂತು ನನ್ನ ಮುಖ ನೋಡಿದರು. ಇದು ಯಾವ ರೋಗ ಅಂತ ಕೇಳುತ್ತಿದ್ದಾರೆ ಅಂದಳು, ಬೆಂಗಳೂರಿನಲ್ಲಿ ಓದಿ ಕನ್ನಡ ಕಲಿತಿದ್ದ ದುಭಾಷಿ ಹುಡುಗಿ. ಹವಾಮಾನ ಅಂತ ಹೇಳಿ ಮನೆಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಹೆಂಡತಿ ಒಂದೊಂದೇ ತಟ್ಟೆ ತೋರಿಸಿಕೊಂಡಳು. ಆಮೇಲೆ, "ಫೋನು ನಿಮ್ಮ ಕಡೆ ತಿರುಗಿಸಿ," ಅಂದಳು.

"ನಿಮ್ಮ ಹಿಂದೆ, ಬಿದಿರು ತಡಿಕೆ ಸಂದಿಯಲ್ಲಿ ಕೆಂಪಗೆ ಉರೀತಿದೆಯಲ್ಲ, ಅದೇನ್ರೀ?"

ತಡಿಕೆಯ ಆಚೆ ನನ್ನ ರೂಮು. ಅಲ್ಲಿ ಹಗಲೂ ರಾತ್ರಿ ಉರಿಯುತ್ತಿದ್ದದ್ದು ನಾನು ಮೇಲೂರಿನಿಂದ ಬ್ಯಾಗಿನಲ್ಲಿ ಬಚ್ಚಿಟ್ಟು ತಂದಿದ್ದ, ಸೊಳ್ಳೆ ಓಡಿಸುವ ಕರೆಂಟು ಮಿಷನ್ನು. ಅದರ ಆವಿಯೂ ಹುಳುವಿಗೆ ಬತ್ತಿಯ ಹೊಗೆಯಷ್ಟೇ ವಿಷ.

ಅವಳು ಬೈಯಲಿಲ್ಲ. "ನಿಮಗೆ ಮಾತ್ರೆ ಒಗ್ಗಿತ್ತಲ್ವಾ? ಮತ್ತೆ ಅದ್ಯಾಕೆ?" ಅಂದಳು. ಅದನ್ನು ಆ ಹೆಂಗಸರಿಗೆ ಹೇಳಬೇಡಮ್ಮ ಅಂತ ದುಭಾಷಿಗೆ ಹೇಳಿದೆ. ಆ ಹುಡುಗಿ ಅದನ್ನೂ ಸೇರಿಸಿ ಹೆಂಗಸರಿಗೆ ಹೇಳಿದಳು.

ಮಿಕ್ಕ ದಿನವೆಲ್ಲ ಪಾಠ ಮಾಡಿದವಳು ನನ್ನ ಹೆಂಡತಿ. ಫೋನು ಹಿಡಿದವನು ನಾನು. ಕೈ ಅಲ್ಲಾಡಿದರೆ ಹೆಂಗಸರು ಮೊಣಕೈಗೆ ತಟ್ಟಿ ಸರಿ ಮಾಡುತ್ತಿದ್ದರು. ಹೊರಡುವ ದಿನ ಒಂದು ರೇಷ್ಮೆ ಶಾಲು ತಂದರು. ನಾನು ಗಂಭೀರವಾಗಿ ಕತ್ತು ಬಗ್ಗಿಸಿದೆ. ದುಭಾಷಿ ಹುಡುಗಿ, "ಇದು ಫೋನಿನೊಳಗಿನ ಅಮ್ಮನಿಗೆ," ಅಂದಳು. ಬಗ್ಗಿಸಿದ ಕತ್ತನ್ನು ಎತ್ತಲಾರದೆ ಹಾಗೇ ಕೂತು ಚಪ್ಪಲಿ ಸರಿಮಾಡಿಕೊಂಡೆ.

ಈ ಮಾತ್ರೆಯನ್ನು ಊರಿಗೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ನನಗೆ ಇನ್ನೂ ಹನ್ನೊಂದು ಬಾಕಿ ಇವೆ. ದಿನಾ ಊಟವಾದ ಮೇಲೆ ಅವಳೇ ತುಂಬು ಲೋಟ ನೀರಿನ ಜೊತೆ ತಂದುಕೊಟ್ಟು, ನುಂಗುವವರೆಗೂ ನಿಂತಿರುತ್ತಾಳೆ.

ಹೇಳಿದ್ದೆಲ್ಲ ನಿಜ. ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು: ಡಾಕ್ಟರು ಅವಳ ಬಗ್ಗೆ ಏನೂ ಹೇಳಿರಲಿಲ್ಲ. ನಾನು ಕವರು ಬಿಚ್ಚಿರಲೇ ಇಲ್ಲ. ಅನ್ನದ ಅಗುಳು ಇನ್ನೂ ಹಾಗೇ ಒಣಗಿ ಅಂಟಿಕೊಂಡಿದೆ. ಅವಳು ದಿನಾ ಮಾತ್ರೆ ತರುವುದು ಆ ಕವರಿನ ಮೇಲೇ ಇಟ್ಟುಕೊಂಡು.