ಟಿವಿಯ ಕಣ್ಣು, ಯಜಮಾನರ ಡ್ರೈವರು

ತಮಗಾದಂಥ ಅನ್ಯಾಯ ಹಗೆಯವನಿಗೂ ಆಗಬಾರದು ಎಂಬುದು ಯಜಮಾನರ ಖಚಿತ ಅಭಿಪ್ರಾಯ. ಟಿವಿಯ ರಿಮೋಟು ಸತ್ತಿತ್ತು. (ಸೆಲ್ ಬದಲಿಸಿ, ಹೊಟ್ಟೆ ಬಗೆದು ನೋಡಿ, ಸತ್ತಿದೆಯೆಂದು ಘೋಷಿಸಿದವರೂ ಅವರೇ.)

"ಹೊಸದೊಂದು ತಂದ್ರೆ ಮುಗೀತಲ್ರೀ" ಎಂದಳು ಹೆಂಡತಿ.

ಅದು ಪಾಮರರ ದಾರಿ. ಯಜಮಾನರು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಚುಚ್ಚುವ, ಹೆಬ್ಬೆರಳು ಗಾತ್ರದ ಇನ್‌ಫ್ರಾರೆಡ್ ಅಡಾಪ್ಟರ್ ತರಿಸಿದರು. ಕಣ್ಣಿಗೆ ಕಾಣದ ಬೆಳಕು ಬಿಡುವ ಡಬ್ಬಿ ಅದು. ಇನ್ನು ಮೇಲೆ ಕಂಪ್ಯೂಟರೇ ರಿಮೋಟು!

"ಭಾನುವಾರದೊಳಗೆ ಈ ಡಬ್ಬಿಯಿಂದ ಟಿವಿ ಹಾಕ್ತೀನಿ. ಆಗದಿದ್ರೆ ರಿಪೇರಿ ಪೆಟ್ಟಿಗೆ ನಿನ್ನ ತಮ್ಮನಿಗೆ!" ಎಂದು ಪಣ ತೊಟ್ಟರು. ಆ ಮನೆಯಲ್ಲಿ ಪೆಟ್ಟಿಗೆ ಇದ್ದವರದೇ ಮಾತು, ನಲ್ಲಿ ಸೋರಿದರೂ ಫ್ಯಾನು ನಿಂತರೂ. ಬಾಮೈದನಿಗೆ ಬಹಳ ದಿನದಿಂದ ಅದರ ಮೇಲೆ ಕಣ್ಣಿತ್ತು.

ಡಬ್ಬಿಯ ಜೊತೆ ಬಂದ ಕೈಪಿಡಿ ಅಂಗೈ ಅಗಲದ ಚೀಟಿ. 'ಚುಚ್ಚಿ, ಆನಂದಿಸಿ' ಎಂದಷ್ಟೇ ಇತ್ತು. ಚುಚ್ಚಿದರು, ಆನಂದ ಬರಲಿಲ್ಲ. ಡಬ್ಬಿಗೂ ಅವರ ಕಂಪ್ಯೂಟರು ನಡೆಸುವ ಲಿನಕ್ಸಿಗೂ ನಡುವೆ ಮಾತು ದಾಟಿಸಬೇಕಾದ ಡ್ರೈವರು ಎಂಬ ತಂತ್ರಾಂಶ ಯಾವುದೋ ಹಳೇ ಮಾದರಿಯ ಡಬ್ಬಿಗೆ ಬರೆದದ್ದು.

"ಯಾವ ಬೈಟಿಗೆ ಏನರ್ಥ ಅಂತ ನಾಲ್ಕು ಸಾಲು ಬರೆದಿದ್ರೆ ಇವರಪ್ಪನ ಗಂಟು ಹೋಗ್ತಿತ್ತಾ?" ಎಂದು ಗುಡುಗಿ, ಡ್ರೈವರನ್ನು ತಾವೇ ತಿದ್ದಲು ಕೂತರು. ಒಂದು ಅಂಕಿ ಬದಲಿಸುವುದು, ಕಂಪೈಲ್ ಮಾಡುವುದು, ಬೈಯುವುದು. ವಾರವಿಡೀ ಇದೇ ತಪಸ್ಸು. ಭಾನುವಾರ ಮಧ್ಯಾಹ್ನ ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ, ಡಬ್ಬಿಯ ಮೂತಿಯಲ್ಲಿ ನೇರಳೆ ಮಿಣುಕು! ಕೋಣೆಯ ತೆರೆದ ಬಾಗಿಲಿನಿಂದ ನೇರ ನಡುಮನೆಯ ಟಿವಿಯತ್ತ ಬೆಳಕು ಹೊರಡುತ್ತಿತ್ತು. ಟಿವಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಸಿಟ್ಟು ನೆತ್ತಿಗೇರಿತು. 'ನೀವು ಮನುಕುಲಕ್ಕೇ ಕಳಂಕ' ಎಂದು ಡಬ್ಬಿ ಮಾಡಿದವರಿಗೆ ಮೇಲ್ ಕಳಿಸಿ, ಡಬ್ಬಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದು ನಡುಮನೆಗೆ ಬಂದರು. ಅಲ್ಲಿ ಬಾಮೈದ ಆಗಲೇ ಬಂದು ಕೂತಿದ್ದ. ಅತ್ತೆ ಸೋಫಾದಲ್ಲಿ ಅಭ್ಯಾಸಬಲದಿಂದ ಸತ್ತ ರಿಮೋಟನ್ನೇ ಒತ್ತುತ್ತಿದ್ದರು. ಹೆಂಡತಿ ಟಿವಿಯ ಧೂಳು ಒರೆಸುತ್ತಿದ್ದಳು.

"ರೀ, ಇಲ್ಲೇನಿದು, ಕಪ್ಪು ಟೇಪು?"

"ನಾನೇ ಹದಿನೈದು ದಿನದ ಹಿಂದೆ ಅಂಟಿಸಿದ್ದು. ಆ ಕೆಂಪು ದೀಪ ನನ್ನ ಮಧ್ಯಾಹ್ನದ ನಿದ್ದೆ ಕೆಡಿಸ್ತಿತ್ತು."

ಅವಳು ಪರ್ರನೆ ಕಿತ್ತಳು. ಟಿವಿ ಥಟ್ಟನೆ ಬೆಳಗಿತು.

"ಗೆದ್ದೆ! ನನ್ನ ಡ್ರೈವರು!" ಯಜಮಾನರು ಕುಣಿದರು.

"ಡಬ್ಬಿ ನಿಮ್ಮ ಕೈಯಲ್ಲೇ ಇದೆಯಲ್ಲ, ಭಾವ" ಎಂದ ಬಾಮೈದ.

ಎಲ್ಲರೂ ಅತ್ತೆಯ ಕೈಯತ್ತ ನೋಡಿದರು. ರಿಮೋಟು ಸತ್ತೇ ಇರಲಿಲ್ಲ. ದೀಪದ ಪಕ್ಕದಲ್ಲೇ ಇದ್ದ, ರಿಮೋಟಿನ ಬೆಳಕು ಹಿಡಿಯುವ ಟಿವಿಯ ಕಣ್ಣಿಗೂ ಯಜಮಾನರು ಟೇಪು ಬಡಿದಿದ್ದರು.

"ಹಾಗಾದ್ರೆ ನನ್ನ ಡಬ್ಬೀನೂ ಸರಿಯಾಗೇ ಇತ್ತು!" ಎಂದು ಕಂಪ್ಯೂಟರಿಗೆ ಓಡಿ, ಡಬ್ಬಿ ಚುಚ್ಚಿ, ಕೀಲಿ ಒತ್ತಿದರು. ಅತ್ತೆಯ ಧಾರಾವಾಹಿಯಲ್ಲಿ ಕಳೆದುಹೋದ ಮಗಳು ಬಾಗಿಲು ತಟ್ಟುತ್ತಿದ್ದಳು. ಟಿವಿ ಆರಿತು.

"ನೋಡಿದ್ರಾ? ನೋಡಿದ್ರಾ!"

"ನೋಡೋಕೆಲ್ಲಿ ಬಿಟ್ರಿ, ಅಳಿಯಂದ್ರೇ?" ಎಂದ ಅತ್ತೆ ಮಗಳತ್ತ ತಿರುಗಿದರು. "ಲೇ, ಆ ಟೇಪು ಎಸೀಬೇಡ. ಇವರ ಡಬ್ಬಿ ಮೂತಿಗೆ ಅಂಟಿಸು."

"ಪಣ ಗೆದ್ದಿದ್ದು ನಾನು! ಡಬ್ಬಿಯಿಂದ..."

"ಟಿವಿ ಹಾಕ್ತೀನಿ ಅಂದಿದ್ರಿ. ಆರಿಸ್ತೀನಿ ಅಂದಿರ್ಲಿಲ್ಲ" ಎಂದು ಹೆಂಡತಿ ಪೆಟ್ಟಿಗೆಯನ್ನು ತಮ್ಮನ ಮಡಿಲಿಗಿಟ್ಟಳು.

ಬಾಮೈದ ಅಕ್ಕನ ಕೈಯಿಂದ ಟೇಪು ತೆಗೆದುಕೊಂಡು ಡಬ್ಬಿಯ ಮೂತಿಗೆ ನೀಟಾಗಿ ಅಂಟಿಸಿದ. ಅದು ಅವನ ಮೊದಲ ರಿಪೇರಿ.