ಇಟಲಿಯ ಬಳ್ಳಿಗೆ ತಿಕೋಟಾದ ಕತ್ತರಿ

ದ್ರಾಕ್ಷಿಯ ವಿಷಯದಲ್ಲಿ ನನಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ ಎಂದು ಹೋದ ಡಿಸೆಂಬರ್ ತಿಂಗಳವರೆಗೆ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಹುಟ್ಟಿದ್ದು ವಿಜಯಪುರ ಜಿಲ್ಲೆ. ಸೋದರಮಾವನಿಗೆ ತಿಕೋಟಾದ ಹತ್ತಿರ ನಾಲ್ಕು ಎಕರೆ ದ್ರಾಕ್ಷಿ ತೋಟ. ಹೈದರಾಬಾದಿನ ಸರಕಾರಿ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಕಡತಗಳ ನಡುವೆ ಕಳೆದು ನಿವೃತ್ತನಾದರೂ, ನನ್ನ ರಕ್ತದಲ್ಲಿ ಹರಿಯುತ್ತಿರುವುದು ದ್ರಾಕ್ಷಾರಸವೇ ಎಂಬ ಹೆಮ್ಮೆ ಇತ್ತು. ಡಾಕ್ಟರು ಮಾತ್ರ ಅದನ್ನು ಸಕ್ಕರೆ ಕಾಯಿಲೆ ಎನ್ನುತ್ತಾರೆ!

ನನ್ನ ಮಗಳು ಸಹನಾ ಇಲ್ಲೇ ಹೈದರಾಬಾದಿನ ಕೊಂಡಾಪುರದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ಕೆಲಸ ಮಾಡುವ ಕಿರಣ್ ಎಂಬ ತೆಲುಗು ಹುಡುಗನನ್ನು ಮೆಚ್ಚಿದಳು. ನಮ್ಮ ಕಡೆಯವರನ್ನು ಒಪ್ಪಿಸಲು ಆರು ತಿಂಗಳು, ಅವರ ಕಡೆಯವರನ್ನು ಒಪ್ಪಿಸಲು ಇನ್ನಾರು ತಿಂಗಳು ಹಿಡಿಯಿತು. ಅಂತೂ ಸೆಪ್ಟೆಂಬರಿನಲ್ಲಿ ನಿಶ್ಚಿತಾರ್ಥವಾಗಿ, ಮಾರ್ಚಿಗೆ ಮದುವೆ ಎಂದು ತೀರ್ಮಾನವಾಯಿತು. ಇಷ್ಟು ಕಷ್ಟಪಟ್ಟು ಕೂಡಿಬಂದ ಸಂಬಂಧ. ಆಗಿನಿಂದ ನಾನು ಬೀಗರ ಎದುರಿಗೆ ಕೆಮ್ಮುವಾಗಲೂ ಅವರ ಅನುಮತಿ ಕೇಳುತ್ತಿದ್ದೆ.

ಬೀಗರು ಮಧುಸೂದನರಾವುಗಾರು. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದು ನಿವೃತ್ತರಾದವರು. ಅದಕ್ಕೂ ಮೊದಲು ಹನ್ನೆರಡು ವರ್ಷ ಬಳ್ಳಾರಿಯಲ್ಲಿ ನೌಕರಿ ಮಾಡಿದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತದೆ. ಮಾತಿನ ಕೊನೆಗೆ ತೆಲುಗಿನ ಮರ್ಯಾದೆಯ 'ಅಂಡಿ' ಸೇರಿಕೊಳ್ಳುತ್ತದೆ, ಬೀಗನಾದ ನನ್ನನ್ನು ತೆಲುಗಿನಂತೆ 'ಬಾವಗಾರು' ಎನ್ನುತ್ತಾರೆ, ಅಷ್ಟೆ. ಕೆಲಸದ ಮೇಲೆ ಒಮ್ಮೆ ಇಟಲಿಗೆ ಹೋಗಿ, ಅಲ್ಲಿನ ದ್ರಾಕ್ಷಿ ಗುಡ್ಡಗಳನ್ನು ನೋಡಿ ಮರುಳಾಗಿ ಬಂದಿದ್ದರು. ಹಿಂದಿನ ವರ್ಷ ನಾಸಿಕದ ಕಡೆಯ ನರ್ಸರಿಯಿಂದ ಮೂರು ಇಟಲಿ ಜಾತಿಯ ಸಸಿ ತರಿಸಿ, ಮಣಿಕೊಂಡದ ತಮ್ಮ ಮನೆಯ ಮಾಳಿಗೆಯಲ್ಲಿ ಅರ್ಧ ಕತ್ತರಿಸಿದ ನೀಲಿ ಡ್ರಮ್ಮುಗಳಲ್ಲಿ ನೆಟ್ಟಿದ್ದರು. ಜೀವಮಾನದಲ್ಲಿ ಒಂದೇ ಒಂದು ಬಾಟಲಿ ವೈನನ್ನು ಸ್ವಂತ ಹಣ್ಣಿನಿಂದ ಮಾಡಬೇಕು ಎಂಬುದು ಅವರ ಆಸೆ.

ನಿಶ್ಚಿತಾರ್ಥದ ಊಟದಲ್ಲಿ ಅವರು ನಿಟ್ಟುಸಿರುಬಿಟ್ಟರು. "ದೊಡ್ಡ ಮಗಳ ಬಾಣಂತನಕ್ಕೆ ಜರ್ಮನಿಗೆ ಹೋಗ್ಬೇಕು ಬಾವಗಾರು. ಫೆಬ್ರವರಿವರೆಗೂ ಬರೋದಿಲ್ಲ. ಮಿಕ್ಕಿದ್ದಕ್ಕೆಲ್ಲಾ ಕಿರಣ್ ಇದ್ದಾನೆ. ಆದ್ರೆ ಅವನು ಗಿಡಕ್ಕೆ ನೀರು ಹಾಕಿದ್ರೆ ಕಂಪ್ಯೂಟರಿಗೆ ಹಾಕಿದಂಗೆ ಅಂಡಿ. ನನ್ನ ಬಳ್ಳಿಗಳದೇ ಚಿಂತೆ."

ನನ್ನ ಬಾಯಲ್ಲಿ ಹೋಳಿಗೆ ಇತ್ತು. ನುಂಗುವಷ್ಟು ಹೊತ್ತು ಸುಮ್ಮನಿದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

"ಬೀಗರ, ನಾ ಇದ್ದೀನಲ್ಲರಿ! ದ್ರಾಕ್ಷಿ ಅಂದ್ರ ನಾವು ಹುಟ್ಟಿದಾಗಿಂದ ನೋಡಿದ್ದು. ನಮ್ಮ ಮಾವನ ತೋಟದಾಗ ಆಡಿ ಬೆಳದಾಂವ ನಾನು. ಕಳಸ್ರಿ ನಮ್ಮನಿಗೆ!"

ಮೇಜಿನ ಕೆಳಗೆ ನನ್ನ ಹೆಂಡತಿ ಶೈಲಜಾ ನನ್ನ ಕಾಲನ್ನು ಬಲವಾಗಿ ತುಳಿದಳು. ಮಗಳ ನಿಶ್ಚಯವಾದ ಸಂತೋಷ ಎಂದುಕೊಂಡೆ.

ಮರುವಾರವೇ ಬರ್ಕತ್‌ಪುರದ ನಮ್ಮ ಮನೆಯ ಮುಂದೆ ಟೆಂಪೋ ಬಂದು ನಿಂತಿತು. ವರದಕ್ಷಿಣೆ ಬೇಡವೇ ಬೇಡ ಎಂದಿದ್ದ ಆ ಸಜ್ಜನರು ಹೆಣ್ಣಿನ ಮನೆಗೇ ಮೂರು ಡ್ರಮ್ಮು ಕಳಿಸಿಕೊಟ್ಟಿದ್ದರು! ಜೊತೆಗೆ ತೆಲುಗಿನಲ್ಲಿ ಮುದ್ದಾಗಿ ಬರೆದ ಒಂದು ದಪ್ಪ ನೋಟ್‌ಬುಕ್ಕು. ಮೂವತ್ತಕ್ಕೂ ಹೆಚ್ಚು ವರ್ಷದಿಂದ ಈ ಊರಿನಲ್ಲಿರುವವನಿಗೆ ತೆಲುಗು ಓದುವುದೇನೂ ಕಷ್ಟವಲ್ಲ. ಅದರಲ್ಲಿ ಎರಡು ಭಾಗಗಳಿದ್ದವು: 'ಸ್ವಭಾವ' ಮತ್ತು 'ಕೆಲಸ'.

ಸ್ವಭಾವದ ಭಾಗವನ್ನು ನಾನು ಚಹಾ ಕುಡಿಯುತ್ತ ಸ್ವಾರಸ್ಯದಿಂದ ಓದಿದೆ. ಮೊದಲನೆಯ ಬಳ್ಳಿ ಬಾರ್ಬೆರಾ. ಎಲ್ಲಿ ನೆಟ್ಟರೂ ಬರುತ್ತದೆ, ಬೇಡವೆಂದರೂ ಫಲ ಬಿಡುತ್ತದೆ, ಎಷ್ಟು ಹಣ್ಣಾದರೂ ಹುಳಿ ಬಿಡುವುದಿಲ್ಲ. ನನ್ನ ಅತ್ತೆಯ ನೆನಪಾಗಿ ಗೌರವ ಮೂಡಿತು. ಎರಡನೆಯದು ಸಾಂಜೊವೇಸೆ. ತೆಳು ಸಿಪ್ಪೆ, ಮಣ್ಣು ಬದಲಾದರೆ ರುಚಿಯೂ ಬದಲು. ಮೂರನೆಯದು ನೆಬಿಯೋಲೊ, ಬೀಗರ ಪ್ರಾಣ. ಎಲ್ಲರಿಗಿಂತ ಮೊದಲು ಚಿಗುರಿ ಎಲ್ಲರಿಗಿಂತ ಕೊನೆಗೆ ಹಣ್ಣಾಗುತ್ತದೆ. ಅದರ ಊರಿನಲ್ಲಿ ಹಣ್ಣು ಕೀಳುವ ಕಾಲಕ್ಕೆ ಗುಡ್ಡದ ತುಂಬ ಮಂಜು ಕವಿದಿರುತ್ತದಂತೆ.

'ಕೆಲಸ' ಎಂಬ ಭಾಗ ಬಂದ ಕೂಡಲೇ ಪುಸ್ತಕ ಮುಚ್ಚಿಟ್ಟೆ. ತಿಕೋಟಾದ ಮಗನಿಗೆ ದ್ರಾಕ್ಷಿ ಕೆಲಸ ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದಂತೆ!

ಮಾಳಿಗೆಯಲ್ಲಿ ಮೊದಲ ಜಗಳ ಜಾಗದ್ದು. "ಅಲ್ರೀ, ವೈನ್ ಮಾಡೋ ಬಳ್ಳಿ ಅಂತೀರಿ, ಒಯ್ದು ಪತ್ರಿ ಗಿಡದ ಬಾಜೂಕ ಇಟ್ಟೀರಲ್ಲ! ನಾಳೆ ಶಿವಗ ಪತ್ರಿ ಹರಿಯೂದೋ ಬ್ಯಾಡೋ?" ಎಂದಳು ಶೈಲಜಾ.

"ಅದು ಇನ್ನೂ ಹಣ್ಣೇ ಬಿಟ್ಟಿಲ್ಲ ಮಾರಾಯ್ತಿ, ಕೂಸು ಅದು."

"ಕೂಸಿದ್ದಾಗಿಂದನ ಬುದ್ಧಿ ಕಲಸ್ಬೇಕು" ಎಂದು ಡ್ರಮ್ಮುಗಳನ್ನು ನೀರಿನ ಟಾಕಿಯ ಆಚೆ ದೂಡಿಸಿದಳು.

ಅಕ್ಟೋಬರ್ ಬಂತು. ನಮ್ಮ ಕಡೆ ದ್ರಾಕ್ಷಿ ಬಳ್ಳಿ ಕತ್ತರಿಸುವುದಕ್ಕೆ ಚಾಟ್ನಿ ಎನ್ನುತ್ತಾರೆ. ವರ್ಷಕ್ಕೆ ಎರಡು ಚಾಟ್ನಿ, ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು. ಇಷ್ಟು ನನಗೆ ಗೊತ್ತಿತ್ತು. ಮಾವ ಕತ್ತರಿ ಹಿಡಿದು ಕಚಕಚನೆ ಕಡ್ಡಿ ಕತ್ತರಿಸುತ್ತ ಹೋಗುತ್ತಿದ್ದುದು ಕಣ್ಣಿಗೆ ಕಟ್ಟಿದಂತಿತ್ತು. ಚಿಗುರೊಡೆಯುವ ಗಂಟಿಗೆ ಕಣ್ಣು ಎಂದು ಹೆಸರು. ಬುಡದ ಎರಡು ಕಣ್ಣು ಬಿಟ್ಟು ಉಳಿದದ್ದೆಲ್ಲ ಸಾಫ್! ನಾನೂ ತಲೆಗೆ ಟವೆಲ್ ಸುತ್ತಿ, ಮಾವನ ಠೀವಿಯಲ್ಲಿ, ಮೂರೂ ಬಳ್ಳಿಗಳನ್ನು ಎರಡೆರಡು ಕಣ್ಣಿಗೆ ಇಳಿಸಿದೆ. ಆಳೆತ್ತರದ ಬಳ್ಳಿಗಳು ಗೇಣುದ್ದದ ಮೋಟುಗಳಾದವು.

ಶೈಲಜಾ ಬಟ್ಟೆ ಒಣಹಾಕಲು ಬಂದವಳು ಹೌಹಾರಿದಳು. "ಏನ್ರೀ ಇದು, ಬೀಗರ ಬಳ್ಳಿ ಮುಂಡಾಮೋಚಿ ಮಾಡಿಟ್ರಲ್ಲ!"

"ನೋಡ್ತಾ ಇರು. ಫೆಬ್ರವರಿಗೆ ಗೊಂಚಲು ಹೊರಾಕ ಆಳು ಹಚ್ಚಬೇಕಾಗ್ತದ."

ಚಿಗುರು ಬಂತು. ಎಲೆ ಬಂತು. ಎಷ್ಟು ಎಲೆ ಬಂತೆಂದರೆ ಮೂರು ಮನೆಯವರು ಊಟಕ್ಕೆ ಹಾಕಿಕೊಳ್ಳಬಹುದಿತ್ತು. ನವೆಂಬರ್ ಕಳೆಯಿತು, ಹೂವಿನ ಸುಳಿವಿಲ್ಲ. ನೆಬಿಯೋಲೊ ಮಂಜಿನ ಊರಿನದಲ್ಲವೇ, ಬಹುಶಃ ತವರಿನ ನೆನಪಿನಲ್ಲಿ ಕೊರಗುತ್ತಿದೆ ಎಂದು ಊಹಿಸಿದೆ. ಹೈದರಾಬಾದಿನಲ್ಲಿ ಮಂಜು ಎಲ್ಲಿಂದ ತರಲಿ? ಲೋಬಾನ ಇತ್ತು! ಪ್ರತಿದಿನ ಬೆಳಿಗ್ಗೆ ಕೆಂಡದ ಮೇಲೆ ಲೋಬಾನ ಹಾಕಿ ಬಳ್ಳಿಗಳ ಸುತ್ತ ಹೊಗೆ ಎಬ್ಬಿಸತೊಡಗಿದೆ. ನಾಲ್ಕನೆಯ ದಿನ ಪಕ್ಕದ ಮನೆಯ ಅಹ್ಮದ್ ಸಾಹೇಬರು ಎರಡು ಬಕೆಟ್ ನೀರು ಹೊತ್ತು ಏದುಸಿರುಬಿಡುತ್ತ ಮಾಳಿಗೆ ಹತ್ತಿದರು. "ಆಗ್ ಕಹಾಂ ಹೈ ಸಾಬ್?" ಎಂದರು. ಬೆಂಕಿಯಲ್ಲ, ಬಳ್ಳಿಗೆ ಮಂಜು ಕೊಡುತ್ತಿದ್ದೇನೆ ಎಂದು ವಿವರಿಸಿದೆ. ಅವರು ಒಂದು ಬಕೆಟ್ಟನ್ನು ಬೇಕಾಗಬಹುದು ಎಂದು ಅಲ್ಲೇ ಬಿಟ್ಟುಹೋದರು.

ಬಾರ್ಬೆರಾದಲ್ಲಿ ಮಾತ್ರ ಸಾಸಿವೆಯಷ್ಟು ಕಾಳಿನ ಒಂದು ಪುಟ್ಟ ಗೊಂಚಲು ಕಂಡಿತು. ಲೋಬಾನದ ಹೊಗೆಗೋ ನನ್ನ ದೃಷ್ಟಿಗೋ ಅದೂ ಉದುರಿತು.

ಕೊನೆಗೆ ತಿಕೋಟಾಕ್ಕೆ ವಿಡಿಯೋ ಕಾಲ್ ಹಚ್ಚಿದೆ. ಈಗ ತೋಟ ನೋಡಿಕೊಳ್ಳುತ್ತಿರುವವನು ಮಾವನ ಮಗ ಬಸು. ಬಳ್ಳಿಗಳನ್ನು ಫೋನಿನಲ್ಲಿ ತೋರಿಸಿ, ಎರಡು ಕಣ್ಣಿನ ಕಥೆ ಹೇಳಿದೆ. ಆ ಕಡೆಯಿಂದ ಎಮ್ಮೆಗಳೂ ಬೆದರುವಂಥ ನಗು.

"ಅಣ್ಣಾ, ಎರಡು ಕಣ್ಣಿಗೆ ಹೊಡಿಯೂದು ಏಪ್ರಿಲ್ ಚಾಟ್ನಿ! ಅದು ಕಡ್ಡಿ ಬೆಳ್ಯಾಕ. ಹಣ್ಣಿಗೆ ಹೊಡಿಯೂದು ಅಕ್ಟೋಬರ್‌ದಾಗ, ಆರೆಂಟು ಕಣ್ಣು ಬಿಡಬೇಕು. ನೀ ಅಕ್ಟೋಬರ್‌ದಾಗ ಏಪ್ರಿಲ್ ಮಾಡೀಯಲ್ಲೋ!"

"ನಮ್ಮಪ್ಪನಾಣಿ ಬಸು, ಮಾವ ಎರಡ ಕಣ್ಣು ಬಿಡತಿದ್ದ, ನಾನ ನೋಡೀನಿ!"

"ನೀ ಯಾವಾಗ ಬರತಿದ್ದಿ ತೋಟಕ್ಕ? ಸಾಲಿ ಸೂಟಿಗೆ. ಸೂಟಿ ಯಾವಾಗ? ಏಪ್ರಿಲ್‌ದಾಗ! ಅಕ್ಟೋಬರ್ ಚಾಟ್ನಿ ನೀ ಜನ್ಮದಾಗ ಕಂಡಿಲ್ಲ ಬಿಡು."

ನಾನು ಮಾಳಿಗೆಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅರವತ್ತೆರಡು ವರ್ಷ ಹೊತ್ತು ತಿರುಗಿದ ನನ್ನ ದ್ರಾಕ್ಷಿ ಪಾಂಡಿತ್ಯವೆಲ್ಲ ಬೇಸಿಗೆ ರಜೆಯದು! ನೋಟ್‌ಬುಕ್ ತೆರೆದು ನೆಬಿಯೋಲೊದ ಪುಟ ಮತ್ತೆ ನೋಡಿದೆ. ಮೊದಲ ಸಲ ಓದಿಯೂ ಓದದಂತೆ ದಾಟಿದ್ದ ಸಾಲೊಂದು ಅಲ್ಲಿತ್ತು: 'ಬುಡದ ಎರಡು ಮೂರು ಕಣ್ಣುಗಳಲ್ಲಿ ಫಲವೇ ಇಲ್ಲ.' ನಾನು ಉಳಿಸಿದ್ದು ಸರಿಯಾಗಿ ಆ ಎರಡನ್ನೇ. ಮುಂದೆ ಓದುವ ಧೈರ್ಯವಾಗದೆ, ಕೆಟ್ಟ ಜಾತಕ ಮುಚ್ಚಿಟ್ಟಂತೆ ಪುಸ್ತಕ ಮುಚ್ಚಿದೆ.

ಆಮೇಲಿನ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ಬಳ್ಳಿಯ ಬಗ್ಗೆ ಸುಳ್ಳು ಹೇಳಿದವನು ಮಗಳ ಬಗ್ಗೆ ಏನೇನು ಹೇಳಿರಬಹುದು ಎಂದು ಬೀಗರಿಗೆ ಅನಿಸಿದರೆ? ಆರು ತಿಂಗಳು ಒಪ್ಪದೆ ಕುಳಿತಿದ್ದ ಅವರ ಕಡೆಯ ನೆಂಟರಿಗೆ ಸಂಬಂಧ ಮುರಿಯಲು ಇಂಥದೊಂದು ನೆಪವೇ ಸಾಕಿತ್ತು. ಸಹನಾ ಎದುರಿಗೆ ಬಂದಾಗಲೆಲ್ಲ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಫೆಬ್ರವರಿಯ ಒಂದು ಶುಕ್ರವಾರ ಬೀಗರ ಫೋನು ಬಂತು. "ಬಾವಗಾರು, ಬಂದ್ಬಿಟ್ಟೆ ಅಂಡಿ! ನಾಳೆ ಬೆಳಿಗ್ಗೆ ಮೊದಲು ನಿಮ್ಮ ಮನೆ, ಮೊದಲು ನನ್ನ ಬಳ್ಳಿ!"

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ನಾನು ಮಾರುಕಟ್ಟೆಗೆ ಓಡಿ ಕಪ್ಪು ದ್ರಾಕ್ಷಿಯ ಹದಿನೈದು ಗೊಂಚಲು ಆರಿಸಿ ತಂದೆ. ಹೂ ಕಟ್ಟುವ ಬಿಳಿ ದಾರದಿಂದ ಬಳ್ಳಿಗೆ ಕಟ್ಟತೊಡಗಿದೆ. ಶೈಲಜಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮನುಷ್ಯಾರು ಮಾಡೂ ಕೆಲಸೇನ್ರಿ ಇದು? ಸುಮ್ನ ಖರೇ ಹೇಳಿಬಿಡ್ರಿ."

"ಮಗಳ ಮದವಿ ಆಗಲಿ, ಆಮ್ಯಾಲೆ ದಿನಾ ಖರೇನ ಹೇಳ್ತೀನಿ!"

ಅವಳು ಐದು ನಿಮಿಷ ನೋಡಿದಳು. ಆಮೇಲೆ ದಾರ ಕಸಿದುಕೊಂಡಳು. "ಸರೀರಿ ಆಚೆ. ಬೂಟಿನ ಲೇಸ್ ಕಟ್ಟಿದಂಗ ಕಟ್ಟಾಕತ್ತೀರಿ. ಸುಳ್ಳು ಹೇಳೂದಾದ್ರೂ ನೆಟ್ಟಗ ಹೇಳಬೇಕು." ಮಲ್ಲಿಗೆ ಮಾಲೆ ಕಟ್ಟುವ ಕೈ, ಗೊಂಚಲುಗಳು ಅಲ್ಲೇ ಹುಟ್ಟಿದಂತೆ ತೂಗಿದವು.

ಮರುದಿನ ರಾವುಗಾರು ಬಂದವರು ಚಹಾ ಕೂಡ ಕುಡಿಯದೆ ಮೆಟ್ಟಿಲು ಹತ್ತಿದರು. ನಾನು ಎದೆಯುಬ್ಬಿಸಿ ಹಿಂದೆಯೇ ಹೋದೆ, ನನ್ನ ಹಿಂದೆ ಶೈಲಜಾ. ಟಾಕಿ ದಾಟಿದರು. ಗೊಂಚಲುಗಳನ್ನು ಕಂಡರು. ಅಹ್ಮದ್ ಸಾಹೇಬರ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಸಿದರು!

ಆನಂದಕ್ಕೆ ಹೀಗಾಗಿದೆ ಎಂದು ತಿಳಿದೆ. "ಹೆಂಗರಿ ಬೀಗರ, ನಮ್ಮ ತಿಕೋಟಾದ ಕೈ?"

ಅವರ ಮುಖ ಬಿಳುಚಿತ್ತು. "ಎಂಥ ಕೆಲಸ ಮಾಡಿದ್ರಿ ಬಾವಗಾರು... ಯಾಕೆ ಹಣ್ಣು ಬಿಡೋಕೆ ಬಿಟ್ರಿ? ಎರಡು ವರ್ಷ ತುಂಬದ ಬಳ್ಳಿ ಅಂಡಿ! ಈ ವಯಸ್ಸಲ್ಲಿ ಇಷ್ಟು ಹೊರೆ ಹೊತ್ರೆ ಬೇರು ಸೋತುಹೋಗುತ್ತೆ. ಒಂದು ಗೊಂಚಲೂ ಇರಬಾರದು, ಬಂದ್ರೆ ಕಿತ್ತುಹಾಕಿ ಅಂತ ಬರೆದಿದ್ದೆ. ಅಕ್ಟೋಬರಲ್ಲಿ ಎರಡೇ ಕಣ್ಣಿಗೆ ಕತ್ತರಿಸಿ ಅಂತ ಬರೆದಿದ್ದೆ. 'ಕೆಲಸ' ಅನ್ನೋ ಭಾಗದಲ್ಲಿ ಮೊದಲನೇ ಪುಟವೇ ಅದು! ಓದಲಿಲ್ವಾ?"

ಅವರು ಕಣ್ಣೊರೆಸಿಕೊಂಡು ಎದ್ದು, ನೆಬಿಯೋಲೊದ ಅತಿ ದೊಡ್ಡ ಗೊಂಚಲನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದರು. ಅದು ದಾರ ಸಮೇತ ಕಳಚಿ ಅವರ ಕೈಗೆ ಬಂತು. ದಾರದಲ್ಲಿ ನಿನ್ನೆಯ ಮಲ್ಲಿಗೆ ಮೊಗ್ಗೊಂದು ಸಿಕ್ಕಿಕೊಂಡಿತ್ತು.

ಅವರು ದಾರ ನೋಡಿದರು. ನನ್ನನ್ನು ನೋಡಿದರು. ಶೈಲಜಾ ನೆಲ ನೋಡಿದಳು.

"ಬೀಗರ" ಎಂದೆ. "ಇವು ಬಜಾರದ ದ್ರಾಕ್ಷಿ. ನನಗ ಚಾಟ್ನಿ ಬರೂದಿಲ್ಲ. ನಿಮ್ಮ ಬಳ್ಳಿಯಾಗ ಒಂದು ಹಣ್ಣೂ ಬಿಡಲಿಲ್ಲ. ನಾ ಮೋಸ ಮಾಡೀನಿ. ಇದರಾಗ ನನ್ನ ಮಗಳ ತಪ್ಪಿಲ್ಲರಿ."

"ಒಂದೂ ಬಿಡಲಿಲ್ವಾ?"

"ಒಂದೂ ಇಲ್ಲರಿ."

"ಎಷ್ಟು ಕಣ್ಣಿಗೆ ಕತ್ತರಿಸಿದ್ರಿ?"

"ಎರಡು" ಎಂದು ಪಿಸುಗುಟ್ಟಿದೆ.

ರಾವುಗಾರು ಬಗ್ಗಿ ಬುಡ ನೋಡಿದರು, ಹೊಸ ಕಡ್ಡಿಯ ದಪ್ಪವನ್ನು ಬೆರಳಲ್ಲಿ ಅಳೆದರು. ಮರುಗಳಿಗೆ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು. "ಮೋಸಾನಾ? ಬರೀ ಮೋಸಾನಾ? ಬದುಕಿಸಿದ್ರಿ ಬಾವಗಾರು! ನಾನು ಹಣ್ಣೇ ಬಿಟ್ಟಿದೆ ಅನ್ಕೊಂಡೆ!"

ಮೋಸ ಮಾಡಿದ್ದಕ್ಕೆ ಇಷ್ಟು ಕೃತಜ್ಞತೆ ಯಾವ ಸರಕಾರಿ ನೌಕರನಿಗೂ ಸಿಕ್ಕಿರಲಾರದು! ಎರಡು ತಿಂಗಳಿನಿಂದ ಎದೆಯ ಮೇಲೆ ಕುಳಿತಿದ್ದ ಡ್ರಮ್ಮು ಇಳಿದಂತಾಗಿ ನಾನು ಅಲ್ಲೇ ನಿಂತು ನಕ್ಕೆ, ಸ್ವಲ್ಪ ಅತ್ತೆ. ಶೈಲಜಾ ಹದಿನೈದೂ ಗೊಂಚಲು ಬಿಚ್ಚಿ ತೊಳೆದು ತಂದಳು. ಮೂವರೂ ಬಕೆಟ್ಟು, ಕಟ್ಟೆಗಳ ಮೇಲೆ ಕುಳಿತು ಅಪರಾಧದ ಸಾಕ್ಷ್ಯವನ್ನೆಲ್ಲ ತಿಂದು ಮುಗಿಸಿದೆವು.

ಮಾರ್ಚಿನಲ್ಲಿ ಮದುವೆ ಸಾಂಗವಾಗಿ ನೆರವೇರಿತು. ಡ್ರಮ್ಮುಗಳು ಸಹನಾಳ ಜೊತೆಯಲ್ಲೇ ಮಣಿಕೊಂಡಕ್ಕೆ ಹೊರಟವು. ಹೋದ ವಾರ ಬೀಗರ ಮನೆಗೆ ಊಟಕ್ಕೆ ಹೋದಾಗ ಆ ನೋಟ್‌ಬುಕ್ ಮೇಜಿನ ಮೇಲಿತ್ತು. ಸ್ವಭಾವದ ಭಾಗದಲ್ಲಿ, ಮೂರು ಇಟಲಿ ಜಾತಿಗಳ ನಂತರ, ಹೊಸದೊಂದು ಪುಟ ಸೇರಿತ್ತು:

'ನಾಲ್ಕನೆಯ ಜಾತಿ: ಬಾವಗಾರು. ಮೂಲ ತಿಕೋಟಾ. ಎಲ್ಲರಿಗಿಂತ ಮೊದಲು ಚಿಗುರುತ್ತದೆ. ಎಲೆ ಹೆಚ್ಚು. ಬುಡದ ಕಣ್ಣುಗಳಲ್ಲಿ ಫಲವಿಲ್ಲ. ಆದರೂ ಸಿಹಿ. ಯಾವ ಮನೆಯಲ್ಲಿ ನೆಟ್ಟರೂ ಹೊಂದಿಕೊಳ್ಳುತ್ತದೆ. ಕೈಗೆ ಕತ್ತರಿ ಕೊಡಬಾರದು.'

ಎರಡೆರಡು ಸಲ ಓದಿದೆ. ಒಂದು ತಪ್ಪೂ ಸಿಗಲಿಲ್ಲ.